ಸೇವೆಯಲ್ಲಿದ್ದು ಅರ್ಹತೆ ಪಡೆಯುವ ಶಿಕ್ಷಕರು: ಶಾಲೆಯ ನೆರವು ಮತ್ತು ಮೌಲ್ಯಮಾಪನ

೧. ವಿಷಯದ ಸ್ವರೂಪ

ಶಿಕ್ಷಕವೃತ್ತಿಯನ್ನು ಪ್ರವೇಶಿಸುವುದಕ್ಕೆ ಎರಡು ದಾರಿಗಳುಂಟು. ಮೊದಲು ತರಬೇತಿಯನ್ನು ಮುಗಿಸಿ, ಅರ್ಹತಾಪತ್ರವನ್ನು ಕೈಯಲ್ಲಿ ಹಿಡಿದು, ಅನಂತರ ಶಾಲೆಯ ಹೊಸ್ತಿಲನ್ನು ತುಳಿಯುವುದು ಒಂದು. ಮೊದಲು ಶಾಲೆಯಲ್ಲಿ ಕೆಲಸಕ್ಕೆ ನಿಂತು, ಮಕ್ಕಳಿಗೆ ಪಾಠ ಹೇಳುತ್ತಲೇ ತರಬೇತಿಯನ್ನು ಪಡೆದು ಅರ್ಹತೆಯನ್ನು ಸಂಪಾದಿಸುವುದು ಇನ್ನೊಂದು. ಈ ಎರಡನೆಯದನ್ನು ಶಿಕ್ಷಣಶಾಸ್ತ್ರದಲ್ಲಿ ಪರ್ಯಾಯ ಮಾರ್ಗವೆಂದು ಕರೆಯುವ ರೂಢಿ ಬಂದಿದೆ. ಹೆಸರು ಹೊಸದಾದರೂ ಮಾರ್ಗವು ಹಳೆಯದು. ನಮ್ಮ ನಾಡಿನ ಕನ್ನಡ ಶಾಲೆಗಳಲ್ಲಿ ಬಹುಕಾಲ ನಡೆದುಬಂದದ್ದು ಇದೇ.

ಮೊದಲನೆಯ ಮಾರ್ಗದಲ್ಲಿ ಕಲಿಸುವ ಹೊಣೆ ಅಧ್ಯಾಪನ ವಿದ್ಯಾಲಯದ್ದು, ಪರೀಕ್ಷಿಸುವ ಹೊಣೆ ಪರೀಕ್ಷಾಮಂಡಲಿಯದು. ಎರಡನೆಯದರಲ್ಲಿ ಈ ಎರಡು ಹೊಣೆಗಳೂ ಬಹುಮಟ್ಟಿಗೆ ಶಾಲೆಯ ಮೇಲೆಯೇ ಬೀಳುತ್ತವೆ. ಶಾಲೆಯು ಹೊಸ ಶಿಕ್ಷಕರಿಗೆ ನೆರವಾಗಬೇಕು. ಅವರು ಯೋಗ್ಯರೋ ಅಲ್ಲವೋ ಎಂಬುದನ್ನೂ ಹೇಳಬೇಕು. ಈ ಎರಡು ಕೆಲಸಗಳು ಒಂದೇ ಕೈಯಲ್ಲಿ ಕೂಡಿದಾಗ ಏನಾಗುತ್ತದೆ, ಅವನ್ನು ಬೇರ್ಪಡಿಸುವುದು ಹೇಗೆ ಎಂಬುದು ಪ್ರಕೃತ ಲೇಖನದ ವಿಚಾರ. ಬೆಳಗಾವಿ ಜಿಲ್ಲೆಯ ಗಡಿಭಾಗದ ತಾಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು, ಅದರಲ್ಲಿಯೂ ರಾಯಬಾಗ ತಾಲೂಕಿನ ದಿಗ್ಗೇವಾಡಿಯಂಥ ಗ್ರಾಮವೊಂದರ ಶಾಲೆಯನ್ನು ಕಣ್ಣಮುಂದಿಟ್ಟುಕೊಂಡು ಈ ವಿಚಾರವನ್ನು ನಡೆಸಲಾಗಿದೆ.

೨. ಮುಂಬಯಿ ಕರ್ನಾಟಕದ ಹಳೆಯ ಪದ್ಧತಿ

ಈ ಭಾಗವು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದುವು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಅಧೀನವಾಗಿದ್ದು, ೧೯೪೯ರಲ್ಲಿ ಸಂಸ್ಥಾನವು ವಿಲೀನವಾದಾಗ ಮುಂಬಯಿ ಪ್ರಾಂತವನ್ನು ಸೇರಿತು. ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ೧೯೧೭ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದ್ದರು. ಕಡ್ಡಾಯ ಶಿಕ್ಷಣವೆಂದರೆ ಹೆಚ್ಚು ಶಾಲೆ, ಹೆಚ್ಚು ಶಾಲೆಯೆಂದರೆ ಹೆಚ್ಚು ಶಿಕ್ಷಕರು. ತರಬೇತಿ ಪಡೆದವರು ಬೇಕಾದಷ್ಟು ಸಂಖ್ಯೆಯಲ್ಲಿ ಸಿಕ್ಕುವವರೆಗೆ ಶಾಲೆಯ ಬಾಗಿಲನ್ನು ಮುಚ್ಚಿಡುವುದು ಸಾಧ್ಯವಿಲ್ಲ. ಪರ್ಯಾಯ ಮಾರ್ಗವು ಹುಟ್ಟುವುದು ಎಲ್ಲ ದೇಶಗಳಲ್ಲಿಯೂ ಈ ಇಕ್ಕಟ್ಟಿನಿಂದಲೇ.

ಮುಂಬಯಿ ಪ್ರಾಂತದ ಕನ್ನಡ ಶಾಲೆಗಳಲ್ಲಿ ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಪರೀಕ್ಷೆಯನ್ನು ಜನರು ಮುಲ್ಕಿ ಪರೀಕ್ಷೆಯೆಂದು ಕರೆಯುತ್ತಿದ್ದರು. ಮುಲ್ಕಿ ಮುಗಿಸಿದ ತರುಣನು ತರಬೇತಿಯಿಲ್ಲದ ಮಾಸ್ತರನಾಗಿ ಹಳ್ಳಿಯ ಶಾಲೆಯನ್ನು ಸೇರುವನು. ಕೆಲವು ಕಾಲ ಪಾಠ ಹೇಳಿದ ಮೇಲೆ ಆತನನ್ನು ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಕಳುಹಿಸುವರು. ಅಲ್ಲಿ ಒಂದು ವರ್ಷ, ಎರಡು ವರ್ಷ ಇಲ್ಲವೆ ಮೂರು ವರ್ಷ ಕಲಿತವರಿಗೆ ಅದಕ್ಕೆ ತಕ್ಕ ದರ್ಜೆಯ ಅರ್ಹತಾಪತ್ರವು ದೊರೆಯುತ್ತಿತ್ತು. ಶಾಲೆಗಳ ತಪಾಸಣೆಗೆ ಡೆಪ್ಯೂಟಿ ಇನ್ಸ್‌ಪೆಕ್ಟರರು ಹಳ್ಳಿಹಳ್ಳಿಗೆ ಬರುತ್ತಿದ್ದರು. ಆ ಹುದ್ದೆಯ ಹೆಸರಿನಿಂದಲೇ ಇಂದಿಗೂ ಖ್ಯಾತರಾಗಿರುವ ಡೆಪ್ಯೂಟಿ ಚನ್ನಬಸಪ್ಪನವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭಾಗದ ಕನ್ನಡ ಶಾಲೆಗಳನ್ನೂ ಶಿಕ್ಷಕರ ತರಬೇತಿಯನ್ನೂ ಬೆಳೆಸಿದ ಬಗೆ ಸರ್ವವಿದಿತ.

ಈ ಪದ್ಧತಿಯಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ತರಬೇತಿಯ ಅವಧಿಯಲ್ಲಿ ಮಾಸ್ತರನು ಶಾಲೆಯ ಭಾರದಿಂದ ಮುಕ್ತನಾಗಿರುತ್ತಿದ್ದನು. ಎರಡನೆಯದಾಗಿ, ಕಲಿಸುವವರು ಕಾಲೇಜಿನ ಗುರುಗಳು, ಶಾಲೆಯಲ್ಲಿ ಅಳೆಯುವವರು ಇಲಾಖೆಯ ಇನ್ಸ್‌ಪೆಕ್ಟರರು. ನೆರವೂ ತೀರ್ಮಾನವೂ ಬೇರೆ ಬೇರೆ ಕೈಗಳಲ್ಲಿದ್ದುವು.

ಇಂಗ್ಲೆಂಡಿನಲ್ಲಿ ೧೮೪೬ರಲ್ಲಿ ಆರಂಭವಾದ ವಿದ್ಯಾರ್ಥಿ-ಶಿಕ್ಷಕರ ಪದ್ಧತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿ ಹದಿಮೂರು ವರ್ಷದ ಹುಡುಗರನ್ನೂ ಹುಡುಗಿಯರನ್ನೂ ಐದು ವರ್ಷಗಳ ಕಾಲ ಮುಖ್ಯೋಪಾಧ್ಯಾಯರ ಕೈಕೆಳಗೆ ಶಿಷ್ಯವೃತ್ತಿಗೆ ನೇಮಿಸುತ್ತಿದ್ದರು. ಅವರಿಗೆ ಶಾಲಾವೇಳೆಯ ಹೊರಗೆ ಪಾಠ ಹೇಳುವುದಕ್ಕಾಗಿ ಮುಖ್ಯೋಪಾಧ್ಯಾಯರಿಗೆ ಪ್ರತ್ಯೇಕ ಸಂಭಾವನೆಯಿತ್ತು. ವರ್ಷಕ್ಕೊಮ್ಮೆ ಪರೀಕ್ಷಿಸುವವರು ಮಾತ್ರ ಸರಕಾರದ ಇನ್ಸ್‌ಪೆಕ್ಟರರು. ನೆರವಿಗೆ ಬೆಲೆ ಕಟ್ಟಿದ್ದರು. ತೀರ್ಮಾನವನ್ನು ಹೊರಗಿನವರಿಗೆ ಬಿಟ್ಟಿದ್ದರು.

೩. ೨೦೧೦ರ ಅನಂತರದ ಸ್ಥಿತಿ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಅಧಿನಿಯಮವು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ೨೩ನೆಯ ಕಲಮಿನ ಮೇರೆಗೆ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಅದೇ ವರ್ಷದ ಆಗಸ್ಟ್ ೨೩ರಂದು ಪ್ರಕಟಿಸಿತು. ಕೆಳಗಿನ ತರಗತಿಗಳಿಗೆ ಹನ್ನೆರಡನೆಯ ತರಗತಿಯ ತೇರ್ಗಡೆ, ಎರಡು ವರ್ಷದ ಡಿಪ್ಲೊಮಾ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿ.ಇ.ಟಿ.) ಇವು ಮೂರೂ ಅವಶ್ಯಕವೆಂದಾಯಿತು. ಅರ್ಹತೆಯಿಲ್ಲದೆ ಸೇವೆಯಲ್ಲಿದ್ದವರಿಗೆ ಐದು ವರ್ಷಗಳ ಅವಕಾಶವನ್ನು ಕೊಟ್ಟಿದ್ದರು. ಆ ಅವಧಿಯೂ ಸಾಲದೆ ಹೋಗಿ, ೨೦೧೭ರ ತಿದ್ದುಪಡಿಯಿಂದ ಅದು ೨೦೧೯ರ ಮಾರ್ಚ್ ೩೧ರವರೆಗೆ ವಿಸ್ತರಿಸಿತು. ಅಲ್ಲಿಗೆ ಅರ್ಹತೆ ಪಡೆಯದವರು ಶಿಕ್ಷಕರಾಗಿ ಮುಂದುವರಿಯಲಾಗದೆಂಬುದು ಅದರ ತಾತ್ಪರ್ಯ.

ಇವರಿಗಾಗಿಯೇ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು (ಎನ್.ಐ.ಓ.ಎಸ್.) ಹದಿನೆಂಟು ತಿಂಗಳ ಡಿಪ್ಲೊಮಾ ಶಿಕ್ಷಣವನ್ನು ದೂರಶಿಕ್ಷಣ ಕ್ರಮದಲ್ಲಿ ಏರ್ಪಡಿಸಿತು. ದೇಶದಾದ್ಯಂತ ಸುಮಾರು ೧೫ ಲಕ್ಷ ಶಿಕ್ಷಕರು ಇದಕ್ಕೆ ಹೆಸರು ನೋಂದಾಯಿಸಿದರು. ಪಾಠಗಳು ‘ಸ್ವಯಂ’ ಜಾಲತಾಣದಲ್ಲಿಯೂ ದೂರದರ್ಶನದ ವಾಹಿನಿಯಲ್ಲಿಯೂ ಬಂದುವು. ಲಿಖಿತ ವಿಷಯಗಳಲ್ಲಿ ನೂರಕ್ಕೆ ೭೦ ಅಂಕ ಪರೀಕ್ಷೆಗೆ, ೩೦ ಅಂಕ ಬರೆದೊಪ್ಪಿಸುವ ಅಭ್ಯಾಸಗಳಿಗೆ. ಇದಲ್ಲದೆ ಶಾಲೆಯಲ್ಲಿಯೇ ನಡೆಸಬೇಕಾದ ಚಟುವಟಿಕೆಗಳು, ಕಾರ್ಯಾಗಾರ, ಪಾಠಾಭ್ಯಾಸ ಎಂಬ ಪ್ರಾಯೋಗಿಕ ಭಾಗಗಳಿದ್ದುವು. ಶಾಲೆಯಲ್ಲಿ ನಡೆಯುವ ಭಾಗಕ್ಕೆ ಮಾರ್ಗದರ್ಶಿಯಾದವರು ಸಾಮಾನ್ಯವಾಗಿ ಅದೇ ಶಾಲೆಯ ಮುಖ್ಯೋಪಾಧ್ಯಾಯರು ಇಲ್ಲವೆ ಹಿರಿಯ ಶಿಕ್ಷಕರು. ಹೀಗೆ ಶಾಲೆಯೇ ಅಧ್ಯಾಪನ ವಿದ್ಯಾಲಯವಾಯಿತು. ಆದರೆ ವಿದ್ಯಾಲಯಕ್ಕೆ ಬೇಕಾದ ಬಿಡುವು, ಗ್ರಂಥ, ಗುರುವರ್ಗ ಇವಾವುವೂ ಶಾಲೆಗೆ ಹೊಸದಾಗಿ ಬರಲಿಲ್ಲ.

ಈ ಶಿಕ್ಷಕರ ಕಷ್ಟವು ಅರ್ಹತಾಪತ್ರದೊಡನೆ ಮುಗಿಯಲಿಲ್ಲ. ಹದಿನೆಂಟು ತಿಂಗಳ ಡಿಪ್ಲೊಮಾವು ಎರಡು ವರ್ಷದ ಡಿಪ್ಲೊಮಾಕ್ಕೆ ಸಮಾನವೇ ಎಂಬ ಪ್ರಶ್ನೆ ನ್ಯಾಯಾಲಯಗಳನ್ನು ಮುಟ್ಟಿತು. ಹೊಸ ನೇಮಕಾತಿಗೆ ಅದು ಸಮಾನವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರ ನವೆಂಬರಿನಲ್ಲಿ ತೀರ್ಪಿತ್ತಿತು. ೨೦೧೭ರ ಆಗಸ್ಟ್ ೧೦ರಂದು ಸೇವೆಯಲ್ಲಿದ್ದು, ೨೦೧೯ರ ಏಪ್ರಿಲ್ ೧ಕ್ಕೆ ಮೊದಲು ಮುಗಿಸಿದವರ ಡಿಪ್ಲೊಮಾವನ್ನು ಮಾನ್ಯ ಮಾಡಬೇಕೆಂದು ೨೦೨೪ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಮುಂದೆ ೨೦೨೫ರ ಸೆಪ್ಟೆಂಬರ್ ೧ರ ಇನ್ನೊಂದು ತೀರ್ಪು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಟಿ.ಇ.ಟಿ.ಯಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಿತು. ಅಲ್ಪಸಂಖ್ಯಾತರ ಶಾಲೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಒಪ್ಪಿಸಿತು. ಹತ್ತು ಹದಿನೈದು ವರ್ಷ ಪಾಠ ಹೇಳಿದವರೂ ಮತ್ತೆ ಪರೀಕ್ಷಾರ್ಥಿಗಳಾಗಬೇಕಾದ ಪ್ರಸಂಗವಿದು. ಸೇವೆಯಲ್ಲಿರುವವರ ಅರ್ಹತೆಯ ಪ್ರಶ್ನೆಯು ೨೦೧೯ಕ್ಕೆ ಮುಗಿಯಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

೪. ಲಿಖಿತ ಪರೀಕ್ಷೆಯು ಅಳೆಯುವುದೇನು, ಅಳೆಯದಿರುವುದೇನು?

ಟಿ.ಇ.ಟಿ.ಯ ಒಂದು ಪತ್ರಿಕೆಯಲ್ಲಿ ೧೫೦ ಪ್ರಶ್ನೆಗಳು, ೧೫೦ ಅಂಕಗಳು. ಪ್ರತಿಯೊಂದಕ್ಕೂ ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು. ಸಾಮಾನ್ಯ ವರ್ಗದವರಿಗೆ ನೂರಕ್ಕೆ ೬೦ ಬಂದರೆ ತೇರ್ಗಡೆ. ಶಿಕ್ಷಕರಿಗೆ ವಿಷಯಜ್ಞಾನವಿದೆಯೇ, ಮಕ್ಕಳ ಬೆಳವಣಿಗೆಯ ತತ್ತ್ವಗಳು ತಿಳಿದಿವೆಯೇ ಎಂಬುದನ್ನು ಇದು ಸಾಕಷ್ಟು ನ್ಯಾಯವಾಗಿ ಅಳೆಯಬಲ್ಲುದು. ಎಲ್ಲರಿಗೂ ಒಂದೇ ಅಳತೆಗೋಲಾಗಿರುವುದು ಅದರ ಗುಣ. ಆದರೆ ತರಗತಿಯ ಬಾಗಿಲನ್ನು ಅದು ದಾಟುವುದಿಲ್ಲ.

ಇದಕ್ಕೆ ಎರಡು ಉದಾಹರಣೆಗಳು. ಮಗುವೊಂದು ೫೨ರಲ್ಲಿ ೨೭ನ್ನು ಕಳೆದು ೩೫ ಎಂದು ಬರೆಯುತ್ತದೆ. ಬಿಡಿಯ ಸ್ಥಾನದಲ್ಲಿ ೨ರಿಂದ ೭ ಹೋಗದಿರಲು, ಅದು ೭ರಿಂದ ೨ನ್ನೇ ಕಳೆದು ೫ ಎಂದಿತು. ಹತ್ತರ ಸ್ಥಾನದಲ್ಲಿ ೫ರಿಂದ ೨ನ್ನು ಕಳೆದು ೩ ಎಂದಿತು. ಇದು ಅಲಕ್ಷ್ಯವಲ್ಲ, ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಕಲಿತ ನಿಯಮವನ್ನೇ ಮಗು ಅನ್ವಯಿಸಿದೆ. ಉತ್ತರ ೨೫ ಎಂದು ಹಲಗೆಯ ಮೇಲೆ ತಿದ್ದಿ ಮುಂದೆ ಸಾಗುವ ಶಿಕ್ಷಕರಿಗೂ, ಹತ್ತು ಕಡ್ಡಿಗಳ ಒಂದು ಕಟ್ಟನ್ನು ಬಿಚ್ಚಿ ತೋರಿಸುವ ಶಿಕ್ಷಕರಿಗೂ ಇರುವ ಅಂತರವನ್ನು ಯಾವ ಲಿಖಿತ ಪತ್ರಿಕೆಯೂ ಹಿಡಿಯಲಾರದು.

ಎರಡನೆಯದು ಈ ಗಡಿಭಾಗಕ್ಕೆ ವಿಶೇಷವಾದುದು. ಇಲ್ಲಿ ಮನೆಯಲ್ಲಿ ಮರಾಠಿಯಾಡಿ ಕನ್ನಡ ಶಾಲೆಗೆ ಬರುವ ಮಕ್ಕಳುಂಟು. ಕನ್ನಡದಲ್ಲಿ ಎಕಾರ-ಏಕಾರಗಳಿಗೂ ಒಕಾರ-ಓಕಾರಗಳಿಗೂ ಭೇದವಿದೆ; ಮರಾಠಿಯ ಬರವಣಿಗೆಯಲ್ಲಿ ಈ ಹ್ರಸ್ವ-ದೀರ್ಘಗಳ ಭೇದವಿಲ್ಲ. ಆದುದರಿಂದ ಅಂಥ ಮಗು ‘ಬೆಳೆ’ಯನ್ನು ‘ಬೇಳೆ’ಯೆಂದು, ‘ಕೊಡು’ವನ್ನು ‘ಕೋಡು’ವೆಂದು ಬರೆದರೆ ಅದಕ್ಕೆ ಕಾರಣವು ಭಾಷೆಯಲ್ಲಿದೆ, ಬುದ್ಧಿಯಲ್ಲಿಲ್ಲ. ಇದನ್ನು ತಿಳಿದ ಶಿಕ್ಷಕರು ಎರಡೂ ಶಬ್ದಗಳನ್ನು ಜೋಡಿಯಾಗಿ ನುಡಿಸಿ, ಕಿವಿಗೆ ಅಭ್ಯಾಸ ಮಾಡಿಸುತ್ತಾರೆ. ತಿಳಿಯದವರು ಅದೇ ಶಬ್ದವನ್ನು ಹತ್ತು ಸಲ ಬರೆಯೆಂದು ಹೇಳಿ ಕೂಡಿಸುತ್ತಾರೆ. ಈ ತಿಳಿವಳಿಕೆಯನ್ನು ಕೊಡಬಲ್ಲವರು ಅದೇ ಸೀಮೆಯಲ್ಲಿ ಪಾಠ ಹೇಳಿ ಪಳಗಿದ ಹಿರಿಯ ಶಿಕ್ಷಕರೇ. ಶಾಲೆಯೇ ನೆರವಿನ ಮುಖ್ಯಸ್ಥಾನವಾಗಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

೫. ನೆರವಿನ ಅಂಗಗಳು

ದಿಗ್ಗೇವಾಡಿಯಂಥ ಊರಿನ ಖಾಸಗಿ ಪ್ರಾಥಮಿಕ ಶಾಲೆಯೊಂದರಲ್ಲಿ ಒಬ್ಬ ಶಿಕ್ಷಕಿಯು ಹೀಗೆ ಕಲಿಯುತ್ತ ಕಲಿಸುತ್ತಿರುವರೆಂದು ಊಹಿಸಿಕೊಳ್ಳೋಣ. ಆಕೆಗೆ ಎರಡು ಮೂರು ತರಗತಿಗಳ ಭಾರ, ಸಂಜೆ ಮನೆಗೆಲಸ, ರಾತ್ರಿ ತನ್ನ ಪಾಠ. ಕಬ್ಬಿನ ಸುಗ್ಗಿಯಲ್ಲಿ ಕೆಲವು ಮಕ್ಕಳು ತಂದೆತಾಯಿಗಳೊಡನೆ ಹೊಲಕ್ಕೆ ಹೋಗಿ ಹಾಜರಿ ತಗ್ಗುತ್ತದೆ. ಕೃಷ್ಣೆಗೆ ಮಹಾಪೂರ ಬಂದ ೨೦೧೯ರ ಆಗಸ್ಟಿನಂಥ ತಿಂಗಳಲ್ಲಿ ನದೀತೀರದ ಊರುಗಳ ಶಾಲೆಯೇ ನಡೆಯುವುದಿಲ್ಲ. ಇಂಥವರಿಗೆ ಬೇಕಾದ ನೆರವನ್ನು ನಾಲ್ಕು ಅಂಗಗಳಾಗಿ ವಿಂಗಡಿಸಬಹುದು.

ಒಂದನೆಯದು, ಕಾಲ. ವಾರದಲ್ಲಿ ಮೂರು ನಾಲ್ಕು ಅವಧಿಗಳಾದರೂ ಪಾಠದ ಭಾರವನ್ನು ಇಳಿಸದೆ ಉಳಿದ ಯಾವ ನೆರವೂ ಫಲಿಸದು. ಹಳೆಯ ಪದ್ಧತಿಯು ಮಾಸ್ತರನಿಗೆ ವರ್ಷಗಟ್ಟಲೆ ಬಿಡುವು ಕೊಟ್ಟಿತು. ಹೊಸ ಪದ್ಧತಿಯು ಕೆಲವು ಗಂಟೆಗಳನ್ನಾದರೂ ಕೊಡಬೇಕು.

ಎರಡನೆಯದು, ನೋಡುವ ಅವಕಾಶ. ಒಳ್ಳೆಯ ಪಾಠವನ್ನು ಕಣ್ಣಾರೆ ಕಾಣದವರು ಒಳ್ಳೆಯ ಪಾಠವನ್ನು ಮಾಡಲಾರರು. ಒಂದು ಕೋಣೆಯಲ್ಲಿ ಹಲವು ತರಗತಿಗಳನ್ನು ಕೂಡಿಸಿ ಕಲಿಸುವ ನಲಿ-ಕಲಿ ಪದ್ಧತಿಯು ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ೧೯೯೫ರ ಸುಮಾರಿಗೆ ಬೇರೂರಿತು. ಅಲ್ಲಿಯ ಶಿಕ್ಷಕರು ಋಷಿವ್ಯಾಲಿಯ ಶಾಲೆಗಳನ್ನು ಕಂಡುಬಂದು, ತಮ್ಮ ತರಗತಿಗಳಲ್ಲಿ ಅದನ್ನು ಪ್ರಯೋಗಿಸಿ, ತಮ್ಮೊಳಗೆ ಚರ್ಚಿಸಿ ಬೆಳೆಸಿದರೆಂಬುದು ಸ್ಮರಣೀಯ. ಸಮೂಹ ಸಂಪನ್ಮೂಲ ಕೇಂದ್ರದ ಸಭೆಗಳನ್ನು ಇಂಥ ಪಾಠವೀಕ್ಷಣೆಗೆ ಬಳಸಬಹುದು.

ಮೂರನೆಯದು, ಮಾರ್ಗದರ್ಶಿ ಶಿಕ್ಷಕರು. ಹದಿನೈದು ದಿನಕ್ಕೊಮ್ಮೆಯಾದರೂ ಒಂದು ಪಾಠವನ್ನು ಪೂರ್ತಿಯಾಗಿ ನೋಡಿ, ಅಂದೇ ಕುಳಿತು ಮಾತನಾಡಬೇಕು. ಮಾತು ಒಂದೆರಡು ಅಂಶಗಳಿಗೆ ಸೀಮಿತವಾಗಿರಬೇಕು. ಹತ್ತು ದೋಷಗಳ ಪಟ್ಟಿಯಿಂದ ಯಾರೂ ಕಲಿಯುವುದಿಲ್ಲ. ‘ಕಳೆಯುವ ಲೆಕ್ಕದಲ್ಲಿ ಮೂವರು ಮಕ್ಕಳು ಒಂದೇ ಬಗೆಯ ತಪ್ಪು ಮಾಡಿದರು, ಕಾರಣವೇನಿರಬಹುದು?’ ಎಂಬ ಪ್ರಶ್ನೆಯು ‘ಪಾಠ ಸಾಧಾರಣ’ ಎಂಬ ಷರಾಕ್ಕಿಂತ ಹೆಚ್ಚು ಉಪಕಾರಿ.

ನಾಲ್ಕನೆಯದು, ಅಭಯ. ಕಲಿಯುವವರು ತಮಗೆ ತಿಳಿಯದ್ದನ್ನು ತಿಳಿಯದೆಂದು ಹೇಳಬಲ್ಲಂಥ ವಾತಾವರಣವಿರಬೇಕು. ಮಿಕ್ಕ ಮೂರಕ್ಕೂ ಇದು ಆಧಾರ. ಶಾಲೆಗಳಲ್ಲಿ ಸುಲಭವಾಗಿ ಕೆಡುವುದೂ ಇದೇ.

೬. ನೆರವೂ ತೀರ್ಮಾನವೂ ಒಂದೇ ಕೈಯಲ್ಲಿದ್ದರೆ

ಮಾರ್ಗದರ್ಶಿಯೇ ಅಂಕ ಕೊಡುವವರಾದರೆ, ಅದರಲ್ಲಿಯೂ ಅವರೇ ಮುಖ್ಯೋಪಾಧ್ಯಾಯರಾಗಿದ್ದು ಆಡಳಿತಮಂಡಲಿಗೆ ವರದಿ ಕೊಡುವವರಾದರೆ, ಎರಡು ಬಗೆಯ ಅನರ್ಥಗಳು ಸಂಭವಿಸುತ್ತವೆ. ಶಿಕ್ಷಕಿಯು ತನ್ನ ದೌರ್ಬಲ್ಯವನ್ನು ಬಚ್ಚಿಡುತ್ತಾಳೆ. ಚೆನ್ನಾಗಿ ಬರುವ ಪಾಠವನ್ನೇ ವೀಕ್ಷಣೆಯ ದಿನಕ್ಕೆ ಇಟ್ಟುಕೊಳ್ಳುತ್ತಾಳೆ. ನೆರವು ಬೇಕಾದ ಸ್ಥಳಕ್ಕೆ ನೆರವು ತಲಪುವುದಿಲ್ಲ. ಇತ್ತ ಮುಖ್ಯೋಪಾಧ್ಯಾಯರಿಗೂ ಇಕ್ಕಟ್ಟು. ದಿನವೂ ಜತೆಯಲ್ಲಿ ದುಡಿಯುವವರನ್ನು ಅನುತ್ತೀರ್ಣಗೊಳಿಸಲು ಮನಸ್ಸು ಬಾರದು. ಗೊಳಿಸಿದರೆ ಬದಲಿಗೆ ಬರುವವರೂ ಇಲ್ಲ. ಕೊನೆಗೆ ಎಲ್ಲರಿಗೂ ಒಳ್ಳೆಯ ಅಂಕಗಳು ಬೀಳುತ್ತವೆ, ಆ ಅಂಕಗಳಿಗೆ ಬೆಲೆಯಿಲ್ಲದಾಗುತ್ತದೆ, ಬೆಲೆಯಿಲ್ಲದ ಅಂಕಗಳನ್ನು ಕಂಡ ಸರಕಾರವು ಮತ್ತೊಂದು ಲಿಖಿತ ಪರೀಕ್ಷೆಯನ್ನು ವಿಧಿಸುವುದಕ್ಕೆ ದಾರಿಯಾಗುತ್ತದೆ.

ಅನ್ಯದೇಶಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ದೊರೆತಿವೆ. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನವು ೧೯೮೫ರಿಂದ ಪರ್ಯಾಯ ಮಾರ್ಗವನ್ನು ತೆರೆದಿದೆ. ಅಲ್ಲಿ ಹೊಸಬರಿಗೆ ನೆರವಾಗುವ ಹಿರಿಯ ಶಿಕ್ಷಕರು ಅವರ ಮೌಲ್ಯಮಾಪನದಲ್ಲಿ ಪಾಲುಗೊಳ್ಳರು. ಆ ಕೆಲಸ ಶಾಲೆಯ ಆಡಳಿತಾಧಿಕಾರಿಗಳದು. ಒಹಾಯೋ ಸಂಸ್ಥಾನದ ಟೊಲೆಡೊ ನಗರವು ೧೯೮೧ರಲ್ಲಿ ಇದಕ್ಕೆ ವಿರುದ್ಧವಾದ ಕ್ರಮವನ್ನು ಕೈಕೊಂಡಿತು. ಅಲ್ಲಿ ತರಗತಿಯ ಭಾರದಿಂದ ಬಿಡುಗಡೆ ಹೊಂದಿದ ಹಿರಿಯ ಶಿಕ್ಷಕರು ಹೊಸ ಶಿಕ್ಷಕರಿಗೆ ನೆರವನ್ನೂ ಕೊಡುತ್ತಾರೆ, ಅವರನ್ನು ಅಳೆಯುತ್ತಾರೆ ಕೂಡ. ತೀರ್ಮಾನವನ್ನು ಮಾತ್ರ ಶಿಕ್ಷಕರ ಸಂಘದ ಹಾಗೂ ಆಡಳಿತದ ಪ್ರತಿನಿಧಿಗಳಿರುವ ಮಂಡಲಿಯು ಮಾಡುತ್ತದೆ. ಹೆಚ್ಚು ನೋಡಿದವರೇ ಹೆಚ್ಚು ಬಲ್ಲರು ಎಂಬುದು ಈ ಪಕ್ಷದ ವಾದ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ವಾದವು ನಿಲ್ಲುವುದು ಅಳೆಯುವವರು ಯಾರ ಹಂಗಿಗೂ ಒಳಗಾಗದೆ ಇರುವಲ್ಲಿ. ನಮ್ಮ ಹಳ್ಳಿಯ ಖಾಸಗಿ ಶಾಲೆಯಲ್ಲಿ ಮಾರ್ಗದರ್ಶಿಯೂ ಶಿಕ್ಷಕಿಯೂ ಒಂದೇ ಆಡಳಿತದ ಸಂಬಳದವರು. ಇಂಥಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸುವುದೇ ಕ್ಷೇಮ.

೭. ಮೌಲ್ಯಮಾಪನದ ಕ್ರಮ

ಬೇರ್ಪಡಿಸುವುದಕ್ಕೆ ಹೊಸ ಹುದ್ದೆಗಳು ಬೇಕಿಲ್ಲ. ಮಾರ್ಗದರ್ಶಿಯಾಗಿ ಅದೇ ಶಾಲೆಯ ಇಲ್ಲವೆ ಅದೇ ಸಮೂಹದ ಅನುಭವೀ ಶಿಕ್ಷಕರಿರಲಿ. ಅವರ ಟಿಪ್ಪಣಿಗಳು ಕಲಿಯುವವರ ಸ್ವತ್ತಾಗಿರಲಿ, ಮೇಲಿನವರ ಮೇಜಿಗೆ ಹೋಗದಿರಲಿ. ಪರೀಕ್ಷಕರು ಹೊರಗಿನಿಂದ ಬರಲಿ: ಬೇರೊಂದು ಸಮೂಹದ ಸಂಪನ್ಮೂಲ ವ್ಯಕ್ತಿಗಳಾಗಲಿ, ಶಿಕ್ಷಕರ ತರಬೇತಿ ಸಂಸ್ಥೆಯ ಉಪನ್ಯಾಸಕರಾಗಲಿ. ಚಿಕ್ಕೋಡಿಯು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ರಾಯಬಾಗದವರನ್ನು ಅಥಣಿಗೆ, ಅಥಣಿಯವರನ್ನು ರಾಯಬಾಗಕ್ಕೆ ಕಳುಹಿಸುವ ಏರ್ಪಾಡು ಕಷ್ಟವಾದುದಲ್ಲ. ಮುಖ್ಯೋಪಾಧ್ಯಾಯರು ಹಾಜರಿ, ಕರ್ತವ್ಯಪಾಲನೆ, ಮಕ್ಕಳೊಡನೆಯ ನಡತೆ ಇವುಗಳ ಬಗೆಗೆ ಮಾತ್ರ ಪ್ರಮಾಣೀಕರಿಸಲಿ.

ಅಳೆಯುವುದು ಒಂದೇ ದಿನದಲ್ಲಿ ಆಗತಕ್ಕದ್ದಲ್ಲ. ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಹೀಗೆ ಕನಿಷ್ಠ ಮೂರು ಸಲ ಪಾಠವನ್ನು ನೋಡಬೇಕು, ಮೊದಲನೆಯದಕ್ಕೆ ಅಂಕವಿರಬಾರದು. ಪಾಠದ ಜತೆಗೆ ಮಕ್ಕಳ ಬರವಣಿಗೆಯ ಪುಸ್ತಕಗಳನ್ನೂ ನೋಡಬೇಕು. ಜೂನ್ ತಿಂಗಳ ಪುಟಕ್ಕೂ ಡಿಸೆಂಬರಿನ ಪುಟಕ್ಕೂ ಇರುವ ಭೇದವು ಸುಳ್ಳು ಹೇಳದು. ಪಾಠದ ಸಿದ್ಧತೆ, ವಿಷಯದ ಸ್ಪಷ್ಟತೆ, ಮಕ್ಕಳ ತಪ್ಪಿನ ಕಾರಣವನ್ನು ಗುರುತಿಸುವ ಶಕ್ತಿ, ಹಿಂದುಳಿದ ಮಗುವಿನ ಕಡೆಗೆ ಗಮನ, ಕೊಟ್ಟ ಸೂಚನೆಯನ್ನು ಮುಂದಿನ ಪಾಠದಲ್ಲಿ ಅಳವಡಿಸಿಕೊಂಡ ಬಗೆ ಎಂಬ ಐದು ಅಂಶಗಳು ಸಾಕು. ಇವುಗಳಲ್ಲಿ ಕೊನೆಯದೇ ಮುಖ್ಯ. ಪರ್ಯಾಯ ಮಾರ್ಗದವರು ಎಲ್ಲಿಂದ ಹೊರಟರು ಎಂಬುದಕ್ಕಿಂತ ಎಷ್ಟು ವೇಗವಾಗಿ ಬೆಳೆಯುತ್ತಿದ್ದಾರೆ ಎಂಬುದು ಮುಂದಿನ ಯೋಗ್ಯತೆಯನ್ನು ಹೆಚ್ಚು ಸರಿಯಾಗಿ ಸೂಚಿಸುತ್ತದೆ.

ತೀರ್ಮಾನವೂ ತೇರ್ಗಡೆ-ನಪಾಸು ಎಂಬ ಎರಡೇ ಮಾತುಗಳಲ್ಲಿ ಇರಬಾರದು. ‘ಸ್ವತಂತ್ರವಾಗಿ ಕಲಿಸಲು ಸಿದ್ಧರು’, ‘ಇನ್ನೊಂದು ವರ್ಷ ನೆರವಿನೊಡನೆ ಕಲಿಸಬಹುದು’, ‘ಇನ್ನೂ ಸಿದ್ಧರಲ್ಲ’ ಎಂಬ ಮೂರು ಮೆಟ್ಟಿಲುಗಳಿದ್ದರೆ ನ್ಯಾಯವೂ ಆದೀತು, ಸತ್ಯವೂ ಉಳಿದೀತು. ಪ್ರತಿಯೊಂದು ತೀರ್ಮಾನಕ್ಕೂ ಕಾರಣವನ್ನು ಬರೆದು ಕೊಡಬೇಕು. ಸರಿಪಡಿಸಿಕೊಳ್ಳಲು ಅವಧಿಯನ್ನು ಗೊತ್ತುಮಾಡಬೇಕು. ಒಬ್ಬರ ಅನ್ನದ ಪ್ರಶ್ನೆಯನ್ನು ನಿರ್ಣಯಿಸುವವರಿಂದ ಇಷ್ಟನ್ನಾದರೂ ಅಪೇಕ್ಷಿಸುವುದು ಅನುಚಿತವಲ್ಲ.

೮. ಉಪಸಂಹಾರ

ಸೇವೆಯಲ್ಲಿದ್ದು ಅರ್ಹತೆ ಪಡೆಯುವ ಶಿಕ್ಷಕರನ್ನು ಅರೆಶಿಕ್ಷಕರೆಂದು ಹಳಿಯುವುದೂ, ಅನುಭವವೇ ಎಲ್ಲವೆಂದು ಅವರನ್ನು ಹೊಗಳಿ ಬಿಡುವುದೂ ಎರಡೂ ಸಲ್ಲದು. ಒಂದು ಕಡೆ ಅವರ ಜೀವನೋಪಾಯವಿದೆ. ಇನ್ನೊಂದು ಕಡೆ ಎರಡನೆಯ ತರಗತಿಯಲ್ಲಿ ಓದು ಕಲಿಯದೆ ಮುಂದೆ ಸಾಗಿದ ಮಗುವಿನ ಭವಿಷ್ಯವಿದೆ. ಆ ಮಗುವಿಗೆ ಆ ವರ್ಷವು ಮತ್ತೆ ಬಾರದು. ಈ ಎರಡನ್ನೂ ಕಾಪಾಡುವ ಉಪಾಯವು ಕಠಿಣವಾದ ಮತ್ತೊಂದು ಪರೀಕ್ಷೆಯಲ್ಲಿಲ್ಲ, ಸಡಿಲವಾದ ಅಂಕಗಳಲ್ಲಿಯೂ ಇಲ್ಲ. ನೆರವಾಗುವವರಿಗೆ ಬಿಡುವನ್ನೂ ನಂಬಿಕೆಯನ್ನೂ, ಅಳೆಯುವವರಿಗೆ ಸ್ವಾತಂತ್ರ್ಯವನ್ನೂ ಕೊಟ್ಟು, ಇಬ್ಬರ ಕೆಲಸವೂ ತರಗತಿಯೊಳಗೇ ನಡೆಯುವಂತೆ ಮಾಡುವುದರಲ್ಲಿದೆ. ಟಿ.ಇ.ಟಿ.ಗಾಗಿ ಇಂದು ಸಾವಿರಾರು ಶಿಕ್ಷಕರು ಮತ್ತೆ ಪುಸ್ತಕ ಹಿಡಿದಿರುವಾಗ, ಶಾಲೆಗಳೂ ಇಲಾಖೆಯೂ ಈ ಅಂಶವನ್ನು ಪರಿಶೀಲಿಸುವುದು ಸಕಾಲಿಕವಾದೀತು.